ಸೀಲಿನ ಮೇಲಿನ ಬಿಲ್ಲೆ

ಹನ್ನೊಂದು ವರ್ಷದಿಂದ ಪೆಟ್ಟಿಗೆ ತೆರೆಯುತ್ತಿದ್ದೇನೆ,
ವಿನೋಬನಗರ, ಗೋಪಾಳ, ಆಮೇಲೆ
ಸೀಗೆಹಟ್ಟಿಯ ಸಂದಿಗೊಂದಿ.
ಅಂಕಿ ಓದುವುದು ಕೊನೆಯ ಕೆಲಸ;
ಮೊದಲು ಕಡ್ಡಿಯಲ್ಲಿ ಮುಚ್ಚಳ ತಟ್ಟಿ
‘ಯಾರವ್ವಾ ಒಳಗೆ?’ ಅನ್ನಬೇಕು.

ಹೆಚ್ಚಾಗಿ ಉದ್ದಗಾಲಿನವಳು.
ಗಾಳಿ ತಾಗಿದರೂ ಸಾಕು, ಬಲೆಯಲ್ಲೇ ಗಿರಗಿರ ನಡುಗಿ
ಇದ್ದಲ್ಲೇ ಮಸುಕಾಗಿಬಿಡುತ್ತಾಳೆ.
ಬಾಯಲ್ಲಿ ಮೊಟ್ಟೆಯ ಗಂಟು.
ಮರಿ ಹೊರಡುವ ತನಕ ಅದೇ ಬಾಯಿ,
ಅದಕ್ಕೆ ಬೇರೆ ಊಟವಿಲ್ಲ.

ನಮ್ಮತ್ತೆ ಹೇಳಿ ಕಳಿಸಿದ್ದರು:
ಜೇಡ ಉಚ್ಚೆ ಹೊಯ್ದರೆ ಮೈತುಂಬ ಬೊಕ್ಕೆ, ಹುಷಾರು.
ನನಗೆ ಎದ್ದದ್ದು ಒಂದೇ ಬೊಕ್ಕೆ,
ಅದೂ ಇಲಾಖೆ ಕೊಟ್ಟ ಬೂಟಿನದು.

ಸಕ್ರೆಬೈಲಿನ ಕಡೆ ಡ್ಯೂಟಿ ಬಿದ್ದ ದಿನ
ಎರಡು ಕಂಬದ ನಡುವೆ ಹಳದಿ ನೂಲು,
ಮುಖಕ್ಕೆ ಸಿಕ್ಕರೆ ಪಟ್ಟೆಂದು ಹರಿಯುವಷ್ಟು ಬಿಗಿ.
ನಟ್ಟನಡುವೆ ಅಂಗೈಯಗಲದ ಯಜಮಾನಿ,
ಅಂಚಿನಲ್ಲಿ ಅಕ್ಕಿಕಾಳಿನಷ್ಟು ಗಂಡ,
ಅವಳು ಉಣ್ಣಲು ಕೂತ ಹೊತ್ತು ನೋಡಿ
ಒಂದೊಂದೇ ಹೆಜ್ಜೆ ಹತ್ತಿರ ಬರುವವನು.
ಲೈನ್‌ಮನ್ ತಿಪ್ಪೇಶಿ ಬಿದ್ದು ಬಿದ್ದು ನಕ್ಕ.
ಮನೆಗೆ ಹೋದ ಮೇಲೆ ನಗಲಿಲ್ಲವಂತೆ.

ಗೋಪಾಳದ ಒಂದು ಗೇಟಿನ ಮಾವಿನ ಗಿಡದಲ್ಲಿ
ಚಗಳಿ ಸಾಲಿನಿಂದ ಒಂದು ಚಗಳಿ
ನೂಲು ಬಿಟ್ಟು ಇಳಿಯಿತು.
ಇರುವೆಗೆ ಎಲ್ಲಿಯ ನೂಲು?
ಬಿಲ್ಲು ಬದಿಗಿಟ್ಟು ಕಾಲು ಎಣಿಸಿದೆ. ಎಂಟು!
ಮುಂದಿನೆರಡನ್ನು ಮೀಸೆಯ ಹಾಗೆ ಎತ್ತಿ ಹಿಡಿದು
ಸಾಲಿನ ಪಕ್ಕದಲ್ಲೇ ನಡೆಯುತ್ತಿತ್ತು, ಯಾರಿಗೂ ತಾಗದೆ.
ಕಚೇರಿಯಲ್ಲಿ ನಾನೂ ಹಾಗೆಯೇ ನಡೆಯುವುದು.

ಆದರೆ ಹೇಳಬೇಕೆಂದಿದ್ದು ಬುಡೇನ್ ಸಾಬರ ಅಂಗಡಿಯದು.

ಹಾಸಿಗೆ ಹೊಲಿಯುವ ಅಂಗಡಿ. ಮೀಟರಿನ ಮೇಲೂ ಹತ್ತಿಯ ಧೂಳು.
ಅಲ್ಲಿದ್ದದ್ದು ಚಪ್ಪಟೆಯವಳು,
ಇಸ್ತ್ರಿ ಮಾಡಿ ಗೋಡೆಗೆ ಒತ್ತಿದ ಹಾಗೆ ಮೈ;
ಸೀಲಿನ ತಂತಿಯಿಂದ ಮುಚ್ಚಳದ ಸಂದಿಯವರೆಗೆ
ಬಿಳಿ ಬಿಲ್ಲೆ ಅಂಟಿಸಿ, ಕೆಳಗೆ ಮೊಟ್ಟೆ ಇಟ್ಟು ಕೂತಿದ್ದಳು.
ಚಿಕ್ಕವರಿದ್ದಾಗ ಮಂಡಿ ತರಚಿದರೆ
ಇದನ್ನೇ ಗೋಡೆಯಿಂದ ಕಿತ್ತು ಗಾಯಕ್ಕೆ ಹಚ್ಚಿಕೊಂಡವರು ನಾವು,
ಅವಳ ತೊಟ್ಟಿಲು ಅಂತ ಗೊತ್ತಿಲ್ಲದೆ.

ಜೂನಿನಲ್ಲಿ ವಿಜಿಲೆನ್ಸ್ ಜೀಪು ಬಂತು.
ಮುನ್ನೂರು ಯೂನಿಟ್ಟು ನಲವತ್ತಕ್ಕೆ ಇಳಿದಿದೆ, ಮೀಟರು ತಿದ್ದಿದ್ದಾನೆ.
‘ಹಿಂಜೋ ಮಷೀನು ಕೆಟ್ಟು ಮೂರು ತಿಂಗಳಾತು ಸಾರ್,
ಕೈಯಾಗೇ ಬಡೀತಿದೀನಿ’
ಎಂದು ಸಾಬರು ಕೈ ಚಾಚಿದರು. ಕೈ ಯಾರೂ ನೋಡಲಿಲ್ಲ.

ನಾನು ಅಂದೆ: ಸಾರ್, ಇಲ್ಲಿ ನೋಡಿ.
ಏಪ್ರಿಲ್ಲಿನಲ್ಲಿ ತೆಳ್ಳಗೆ ಪರದೆಯಷ್ಟಿತ್ತು,
ಮೇ ತಿಂಗಳಲ್ಲಿ ಕಾಗದದಷ್ಟು, ಈಗ ಬಟ್ಟೆ.
ಪದರದ ಮೇಲೆ ಪದರ. ಇದು ಹರಿಯದೆ
ಮುಚ್ಚಳ ಬಿಚ್ಚಲು ದೇವರಿಗೂ ಆಗುವುದಿಲ್ಲ.

ಸಾಹೇಬರು ಕೆಟ್ಟವರಲ್ಲ. ಕನ್ನಡಕ ಏರಿಸಿ
ಬಹಳ ಹೊತ್ತು ನೋಡಿದರು.
ಅವಳೂ ಎಂಟು ಕಣ್ಣಲ್ಲಿ ನೋಡಿದಳು.
‘ಸರಿಯಮ್ಮ, ನಮೂನೆಯಲ್ಲಿ ಎಲ್ಲಿ ಬರೆಯಲಿ?’ ಎಂದರು,
ಸೀಲಿನ ನಂಬರು ಕಾಣಬೇಕಲ್ಲ,
ಕರ್ಚೀಫು ತೆಗೆದು ಒರೆಸಿದರು.

ಒಂದೇ ಎಳೆತ.
ಅವಳು ಪೆಟ್ಟಿಗೆಯ ಸುತ್ತ ಎರಡು ಸುತ್ತು ಓಡಿ
ಬಿಲ್ಲೆ ಇದ್ದ ಜಾಗಕ್ಕೇ ಬಂದು ನಿಂತಳು.
ನಂಬರಿನ ಕೊನೆಯ ಅಂಕಿ ತುಕ್ಕು ಹಿಡಿದಿತ್ತು,
‘ಸಂಶಯಾಸ್ಪದ’ ಎಂದು ಬರೆದುಕೊಂಡರು.

ಕರ್ಚೀಫಿನ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಮೊಟ್ಟೆಗಳು
ಜೀಪು ಹತ್ತಿ ಹೋದವು.

ದಂಡ ಈಗ ಕಂತಿನಲ್ಲಿ ಹೋಗುತ್ತಿದೆ.
ಈ ತಿಂಗಳು ಹೋದಾಗ ಸಾಬರು ಪೆಟ್ಟಿಗೆಯ ಹತ್ತಿರ
ಮೆಲ್ಲಗೆ ಕರೆದು ತೋರಿಸಿದರು:
ಅದೇ ತಂತಿ, ಅದೇ ಸಂದಿ, ಹೊಸ ಪರದೆ.
ಉಸಿರು ಬಿಡದೆ ಓದಿದೆ, ನಲವತ್ತೆರಡು.
ಷರಾ ಬರೆಯಲು ನನ್ನ ಯಂತ್ರದಲ್ಲಿ ಜಾಗವಿಲ್ಲ.
ಬೀಗ ಹಾಕಿದೆ, ಮೀಟರು ಸುಟ್ಟಿದೆ, ನಾಯಿ ಇದೆ,
ಕೊನೆಯಲ್ಲಿ ‘ಇತರೆ’ ಅಂತ ಒಂದು ಗುಂಡಿ.

ಒತ್ತಿ ಬಂದೆ.