ಐದು ಪೌಂಡು ಗಾಳಿ

ಜನರೇಟರ್ ಗಾಡಿ ಕೊಕ್ಕೆಗೆ ಬಿದ್ದ ದಿನ
ನನ್ನ ಪಿಕಪ್ಪು ಕೂರುತ್ತದೆ ನಾಯಿಯ ಹಾಗೆ, ಹಿಂಗಾಲೂರಿ.
ಹೆಡ್‌ಲೈಟು ರಸ್ತೆ ಬಿಟ್ಟು
ಮರದ ನೆತ್ತಿಯಲ್ಲಿ ಮಂಗ ಹುಡುಕುತ್ತದೆ.
ಹುಲಿಕಲ್ ತಿರುವಲ್ಲಿ ಎದುರಾದ ಬಸ್ಸಿನವ
ಬೈಗುಳದಲ್ಲೇ ನನ್ನ ಮುತ್ತಜ್ಜನವರೆಗೂ ಹೋಗಿ ಬಂದ.

ಅದಕ್ಕೇ ಹಾಕಿಸಿದ್ದು ಗಾಳಿಚೀಲ,
ಕಮಾನು ಪ್ಲೇಟಿನ ಮೇಲೆ ಒಂದೊಂದು.
ಈಗ ಊದುವವರು ಯಾರು?

ಆಟೋ ಕಾಂಪ್ಲೆಕ್ಸಿನ ನಸ್ರುಲ್ಲಾ ಸಾಹೇಬರು
ಎರಡು ಕಂಪ್ರೆಸರ್ ತಂದು ಬಾನೆಟ್ಟಿನ ಮೇಲಿಟ್ಟರು.
ಒಂದು ತೆಂಗಿನಕಾಯಿಯಷ್ಟು.
ಇನ್ನೊಂದು ಟ್ಯಾಂಕು ಸಮೇತ, ಕೈಗೂಸಿನ ಭಾರ.
ನಾನಾಗಲೇ ದೊಡ್ಡದನ್ನು ಎತ್ತಿಕೊಂಡಿದ್ದೆ.

"ದಿನಕ್ಕೆ ಎಷ್ಟು ಸಲ ಕೊಕ್ಕೆ ಹಾಕ್ತೀಯಮ್ಮ?"
ಒಂದು. ಮದುವೆ ಸೀಸನ್ನಲ್ಲಿ ಎರಡು.
"ಟೈರಿಗೂ ಇದರಿಂದಲೇ ಹೊಡೀತೀಯಾ?"
ಇಲ್ಲ.
"ಮತ್ತೆ ಟ್ಯಾಂಕೇನು ಮೆರವಣಿಗೆಗಾ?
ಸಣ್ಣದು ಬೊಬ್ಬೆ ಹೊಡೆಯುತ್ತೆ, ಬಿಸಿಯಾಗುತ್ತೆ, ನಿಜ.
ನೀನು ಚಾ ಕುಡಿದು ಲೋಟ ತೊಳೆಯೋದ್ರಲ್ಲಿ ತುಂಬಿರುತ್ತೆ.
ಚಾಸಿ ಒಳಮಗ್ಗುಲಲ್ಲಿ ಕೂರಿಸೋಣ, ಕೆಸರು ಸಿಡಿಯದ ಕಡೆ,
ಉಸಿರುಕೊಳವೆ ಮೇಲೆತ್ತಿ.
ಖಾಲಿ ಓಡಿಸುವಾಗಲೂ ಐದು ಪೌಂಡು ಬಿಟ್ಟಿರು,
ಪೂರ್ತಿ ಇಳಿಸಿದರೆ ಚೀಲ ಮಡಚಿ ಹರಿಯುತ್ತೆ.
ಇನ್ನೊಂದು ಮಾತು. ಗಾಳಿ ಸೊಂಟ ನೆಟ್ಟಗೆ ಮಾಡುತ್ತೆ ಅಷ್ಟೆ,
ತೂಕ ಇಳಿಸೋಲ್ಲ.
ಬ್ರೇಕು ನಿನ್ನದೇ."

ಬೆಳಗಿನ ಐದಕ್ಕೆ, ಮಾಸ್ತಿಕಟ್ಟೆಯ ಮದುವೆಗೆ ಹೊರಡುವ ಮುನ್ನ
ಗುಂಡಿ ಒತ್ತಿದೆ. ಓಣಿಯ ನಾಯಿಗಳೆಲ್ಲ ಎದ್ದವು.
ಲಿಲ್ಲಿಬಾಯಿ ಕಿಟಕಿ ತೆರೆದು
"ಯಾರ ಕೊರಳು ಹಿಸುಕ್ತಿದ್ದೀಯೇ ಫೆಲ್ಸಿ?" ಅಂದಳು.

ಪಿಕಪ್ಪು ಮೆಲ್ಲಗೆ ಎದ್ದಿತು.
ಎದುರುಮನೆಯ ಹೆಂಚಿನ ಮೇಲಿದ್ದ ಬೆಳಕು
ಇಳಿದಿಳಿದು ಬಂದು
ಗೇಟಿನ ಚಿಲಕದಲ್ಲಿ ನಿಂತಿತು.