ಎರಡೂವರೆ ಅಂಚು

ಗದಗಿನ ಟಾಂಗಾ ಕೂಟದ ಹಿಂದ
ಏಕನಾಥ ಬೊಂಗಾಳೆಯ ಹೊಲಿಗಿ ಅಂಗಡಿ.
ಇಸ್ತ್ರಿಗೆ ನೀರು ಚಿಮುಕಿಸೋ ಹಿತ್ತಾಳಿ ಬಟ್ಟಲದಾಗ
ಮಧ್ಯಾಹ್ನದ ಹೊತ್ತು ಸ್ಟಾಂಪು ತೇಲತಿದ್ದವು:
ಹಂಗೇರಿಯ ಹಕ್ಕಿ, ಸಿಲೋನಿನ ಆನಿ,
ಮೊಟ್ಟಿ ಒಡದು ಇಣುಕೋ ನಮ್ಮ ಇಪ್ಪತ್ತೈದು ಪೈಸೆಯ ಕೋಳಿಮರಿ.
ಅಂಟು ಬಿಟ್ಟು ಒಂದೊಂದ ಕಾಗದದಿಂದ ಕಳಚೂತನಕ
ನಾ ಗುಂಡಿ ಹಚ್ಚತಿದ್ದೆ,
ಆತ ಇಕ್ಕಳ ಹಿಡದು ಕಾಯತಿದ್ದ.
ಗಿರಾಕಿ ಬಂದ್ರ
"ನಾಳೆ ಬರ್ರಿ, ಇವತ್ತ ಟಪಾಲ ಐತಿ" ಅಂತಿದ್ದ.

ಒಂದನ್ನ ಮಾತ್ರ ಎಂದೂ ನೀರಿಗೆ ಹಾಕಲಿಲ್ಲ.
ಅಸ್ತರಿನ ಬಟ್ಟಿಯೊಳಗ ಸುತ್ತಿ
ಅಳತಿ ಬುಕ್ಕಿನ ನಡುವ ಇಟ್ಟಿದ್ದ:
ನೀಲಿ ಅರ್ಧಾಣೆ, ಅಂಟಿದ ಕಾಗದದ ಸಮೇತ.
ಹದಿನೆಂಟುನೂರಾ ಐವತ್ತೈದು ಇರಬೇಕು.
ಹಳೇ ಅಡತಿ ಅಂಗಡಿ ಕೆಡವುವಾಗ
ತಂತಿಗೆ ಚುಚ್ಚಿದ ಕಾಗದದ ಕಂತಿ ಸಿಕ್ಕಿತ್ತಂತ.
ರಾಣಿಯ ಗಲ್ಲದಾಗ ಇನ್ನೂ ಆ ತಂತಿಯ ತೂತು.
ಕುಮಟಾ ಬಂದರದಿಂದ ಬಂದದ್ದು. ಮೋಡಿ ಅಕ್ಷರ.
ಬೆಟಗೇರಿಯ ಒಬ್ಬ ಮುದುಕನ ಕಡೆ ಓದಿಸಿದ್ದ:
"ಅರಳಿ ಅಂಡಿಗಿ ನಾಕು ಮುಟ್ಟಿದವು. ಒಂದು ತೊಯ್ದೈತಿ.
ತೊಯ್ದದ್ದರ ರೊಕ್ಕ ಕೊಡೂದುಲ್ಲ. ನಿಮ್ಮ ಕಡೆ ಮಳಿ ಹೆಂಗ?"
ಇಷ್ಟ.

"ಅದಕ್ಕೂ ಮೊದಲ," ಹಲ್ಲಾಗ ಸೂಜಿ ಕಚ್ಚಿಕೊಂಡ ಹೇಳತಿದ್ದ ಏಕನಾಥ,
"ಊರು ದೂರ ಆದಂಗ ಟಪಾಲಿನ ರೊಕ್ಕ ಹೆಚ್ಚು.
ಇಸಗೊಳ್ಳಾಂವ ಕೊಟ್ರೂ ನಡೀತಿತ್ತು.
ಒಲ್ಲೆ ಅಂದ್ರ, ಬಂದ ದಾರಿಲೇ ಕಾಗದ ಹೊಳ್ಳಿ ಹೋತು.
ಆಮ್ಯಾಲ ಬಂತು ಈ ನೀಲಿ ತುಣುಕು.
ಹುಬ್ಬಳ್ಳಿಗೂ ಅರ್ಧಾಣೆ, ಕಲಕತ್ತಾಕ್ಕೂ ಅರ್ಧಾಣೆ.
ದಪ್ಪಂವಗ ತೆಳ್ಳಂವಗ ಒಂದ ಅಳತಿಯ ಅಂಗಿ!
ಯಾವ ಸಿಂಪಿಗ್ಯಾ ಹಾಕ್ಯಾನಪಾ ಇಂಥಾ ಲೆಕ್ಕಾ?"

ಆಗಿನ್ನೂ ಸ್ಟಾಂಪಿಗೆ ಹಲ್ಲು ಮೂಡಿದ್ದಿಲ್ಲ.
ಹಾಳಿ ಹಾಳಿ ಬರತಿದ್ದವು. ಪೋಸ್ಟಿನ ಕಾರಕೂನ
ಕತ್ತರಿ ಹಿಡದು ಒಂದೊಂದ ಕೊಯ್ದು ಕೊಡಬೇಕು.

ಮುಂಬೈಯಿಂದ ಒಬ್ಬ ವ್ಯಾಪಾರಿ ಬಂದ,
ಭೂತಗನ್ನಡಿಯೊಳಗ ಒಂದು ಕಣ್ಣು ಹುಗಿದು ನೋಡಿದ.
"ನಾಕೂ ಕಡೆ ಅಂಚಿದ್ದರ ಮಾತು ಬ್ಯಾರೆ.
ಇದಕ್ಕ ಎರಡೂವರೆ. ಮ್ಯಾಲೊಂದು ತೂತು.
ನೂರು ರೂಪಾಯಿ."
ಏಕನಾಥ ಆತಗ ಚಾ ತರಿಸಿದ. ಸ್ಟಾಂಪು ಕೊಡಲಿಲ್ಲ.

ಆತ ಹೋದ ಮ್ಯಾಲ ನನ್ನ ಹತ್ರ ಕರದ.
ನನಗ ಹನ್ನೊಂದು. ಎಡಚ.
ಸಾಲಿಯೊಳಗ ಗೆಣ್ಣಿನ ಮ್ಯಾಲ ಪಟ್ಟಿಯ ಏಟು,
ಅಂಗಡಿಯೊಳಗ ನಾ ಕೊಯ್ದ ಬಟ್ಟಿ ಎಲ್ಲಾ ವಾರಿ.
"ಇಲ್ಲಿ ನೋಡು, ಈ ಎಡಗಡೆ ಗೀಟು.
ಸೀದಾ ಹೊಂಟು, ನಡುವ ಒಳಗ ಎಳಕೊಂಡು
ರಾಣಿಯ ಮೂಗಿನ ಹತ್ರ ಬೆದರಿ ಹೊರಗ ಓಡೇತಿ.
ಬಲಗೈಯಾಂವನ ಕತ್ತರಿ ಎಡಗೈಯಾಗ ಹಿಡದ್ರ
ಮ್ಯಾಲಿನ ಅಲಗು ಗೀಟು ಮುಚ್ಚತೈತಿ,
ಕಾಣಲಾರದ್ದನ್ನ ಕೈ ಊಹಿಸಬೇಕು.
ನಿನ್ನಂಥಾಂವ ಒಬ್ಬ ಇದ್ದ ನೋಡು, ಕುಮಟಾದ ಪೋಸ್ಟಿನಾಗ."

ತಿಂಗಳ ಒಪ್ಪತ್ತಿಗೆ ಮೀರತದಿಂದ ಒಂದು ಪಾರ್ಸಲ್ಲು.
ಎಡಗೈ ಕತ್ತರಿ.
ಬೆರಳು ತೂರಿಸಿ ನಾ ಎರಡು ಸಲ ಗಾಳಿ ಕೊಯ್ಯೂದ್ರೊಳಗ
ಆತ ಸುತ್ತಿದ ಕಾಗದದ ಸ್ಟಾಂಪು ಎಣಸಲಿಕ್ಕೆ ಕುಂತಿದ್ದ.

ಈಗ ಅಂಗಡಿ ನಂದು. ಕಾಗದಾನೂ ನಂದು.
ಕರೆಂಟ ಹೋದ ರಾತ್ರಿ ಮೊಬೈಲಿನ ಬೆಳಕಿನಾಗ
ಒಮ್ಮೊಮ್ಮೆ ಆ ಗೀಟು ನೋಡತೇನಿ.
ಮೂವತ್ತು ವರ್ಷ ಬಟ್ಟಿ ಕೊಯ್ದ ಕೈಯಿದು,
ಎಡಗೈ ಅಂತ ಖಾತ್ರಿ ಹೇಳಲಿಕ್ಕೆ ಬರೂದುಲ್ಲ.
ಕತ್ತರಿ ಮೊಂಡ ಇದ್ದೀತು. ದೀಪದಾಗ ಎಣ್ಣಿ ತೀರಿದ್ದೀತು.
"ಲಗೂ ಕೊಡ್ರಿ, ಹರಕಾರ ಹೊಂಟ" ಅಂತ
ಕಿಟಕಿ ಹೊರಗ ಅಡತ್ಯಾನ ಆಳು ಒದರಿದ್ದಾನು.

ಏಕನಾಥಗ ಇದೆಲ್ಲಾ ಗೊತ್ತಿರಲಿಲ್ಲಂತ
ಹೆಂಗ ಹೇಳಲಿ?

ತೊಯ್ದ ಅಂಡಿಗಿಯ ರೊಕ್ಕ ಕೊಟ್ರೋ ಇಲ್ಲೋ,
ಅದೂ ತಿಳೀಲಿಲ್ಲ.