ಎರಡು ಗೆರಿ

ಸೀಸದ ಗುಂಡು, ಐದು ಕಿಲೋದ್ದು.
ಅದರ ತಳಕ್ಕೊಂದು ಕುಳಿ. ಕುಳಿಗೆ ಮೇಣ ತುಂಬತಿದ್ದೆ,
ಕೆಳಗಿನ ಮಣ್ಣು ಅಂಟಿಕೊಂಡು ಮ್ಯಾಲೆ ಬರಲಿ ಅಂತ.
ಹಗ್ಗಕ್ಕ ಮೀಟರಿಗೊಂದು ಚಿಂದಿ ಕಟ್ಟಿತ್ತು:
ಹತ್ತಕ್ಕ ಕೆಂಪು, ಇಪ್ಪತ್ತಕ್ಕ ಇಳಕಲ್ ಸೆರಗಿನ ತುಂಡು.
ಅದು ನನ್ನ ಹೆಂಡತಿಯ ಹರಕ ಸೀರೀದು, ಸರಕಾರದ್ದಲ್ಲ.

ನವಿಲುತೀರ್ಥದ ಒಡ್ಡಿನ ಹಿಂದ, ನಿಂತ ಮಲಪ್ರಭಾದ ಮ್ಯಾಲೆ
ಮೂವತ್ತೊಂದು ವರ್ಷ ಆಳ ಕೂಗಿದವ ನಾನು,
ದ್ಯಾಮಪ್ಪ ಬಾರಕೇರ.
ನಾ ಕೂಗತಿದ್ದೆ, ಗುಮಾಸ್ತ ಬರಕೋತಿದ್ದ.
ಒಂಬತ್ತನೇ ಸಾಲು, ಗುರುತು ನಾಲ್ಕು: "ಇಪ್ಪತ್ತೆರಡೂವರಿ!"
ಮುಂದ ಐದು ವರ್ಷಕ್ಕ, ನೀರಿನ ಮಟ್ಟ ಅಷ್ಟ ಇದ್ದಾಗ,
ಅದ ಜಾಗಾ: "ಇಪ್ಪತ್ತೊಂದು!"
ಗುಮಾಸ್ತ ಕನ್ನಡಕದ ಮ್ಯಾಲಿಂದ ನೋಡತಿದ್ದ,
"ಹಗ್ಗ ಬಿಗಿ ಹಿಡದೀ ಏನಲೇ?"
ಇಲ್ಲರಿ. ತಳಾನ ಎದ್ದು ಬರಾಕತ್ತಿತ್ತು.

ಊರಾಗ ನನಗ "ಎಷ್ಟಪ್ಪ" ಅಂತ ಹೆಸರಿಟ್ಟಿದ್ದರು.
ಮುನವಳ್ಳಿ ಸಂತ್ಯಾಗ ಚಾದ ಕಪ್ಪು ಮುಂದಿಟ್ಟು
"ಎಷ್ಟಪ್ಪಾ, ಆಳ ಎಷ್ಟ ಐತಿ ಹೇಳು" ಅಂತಿದ್ದರು.
ನಾ ಬೆರಳದ್ದಿ ಹೇಳತಿದ್ದೆ: "ಅರ್ಧ ಹೂಳೈತಿ, ಪುಡಿ ಸೋಸಿಲ್ಲ."

ಮೇಣಕ್ಕ ಹತ್ತಿ ಬಂದ ಮಣ್ಣು ಹೆಬ್ಬಟ್ಟಿಲೆ ತಿಕ್ಕಿ ನೋಡೂದು ಚಟ.
ಕೆಂಪಂದ್ರ ಖಾನಾಪುರ ಕಡೀದು, ಗಿಡ ಕಡದ ಗುಡ್ಡದ್ದು.
ಕರೀದು, ಬೆರಳಸಂದ್ಯಾಗ ಬೆಣ್ಣಿ ಹಾಂಗ ಜಾರೂದು
ಬೈಲಹೊಂಗಲ ಎರಿ, ಯಾರದೋ ಹೊಲದ ಬದು.
ಆ ಬದುವಿನ ಸಲುವಾಗಿ ಅಣ್ಣತಮ್ಮರು ಇನ್ನೂ ಕೋರ್ಟಿನ ಕಟ್ಟಿಗೆ ಕುಂತಿರಬೇಕು.
ಇಲ್ಲಿ ಹತ್ತು ಊರಿನ ಬದು
ಒಂದ ಹಾಸಿಗ್ಯಾಗ, ಯಾವ ತಕರಾರಿಲ್ಲದ ಮಲಗೇತಿ.

ಹೋದ ಬ್ಯಾಸಗಿ ಇಂಜಿನಿಯರ ಬಾಯಾರು ಬಂದ್ರು,
ತಬಸ್ಸುಮ್ ಬಾಳೇಕುಂದ್ರಿ. ಸಣ್ಣ ವಯಸ್ಸು, ದೊಡ್ಡ ಪೆಟ್ಟಿಗಿ.
ಪೆಟ್ಟಿಗಿ ನೀರಾಗ ಕೂಗತೈತಿ, ತಳ ಓ ಅಂತೈತಿ,
ಪರದೆ ಮ್ಯಾಲೆ ಗೆರಿ ಮೂಡತೈತಿ.
ನಾ ಕೂಗಿದ್ದು ಮ್ಯಾಲಿನವರಿಗೆ.
ಇದು ಕೆಳಗಿನವರಿಗೆ ಕೂಗತೈತಿ.

ಪಿಂಚಣಿ ಮನುಷ್ಯಾನ್ನ ಯಾಕ ಕರದ್ರು ಅಂದ್ರ,
ಒಂಬತ್ತನೇ ಸಾಲಿನಾಗ ಪೆಟ್ಟಿಗಿ ಎರಡು ಗೆರಿ ಎಳದಿತ್ತು,
ಒಂದರ ಕೆಳಗೊಂದು, ನಡುವ ಮಬ್ಬು.
"ದ್ಯಾಮಪ್ಪಣ್ಣ, ಇದರಾಗ ಖರೇ ತಳ ಯಾವುದು?"

ಗುಂಡು ಬಿಟ್ಟೆ.
ಕೈ ನಡಗತೈತಿ ಈಗ, ಆದ್ರ ಕೈಗೆ ಮರವಿಲ್ಲ.
ಇಳಕಲ್ ಚಿಂದಿ ನೀರು ಮುಟ್ಟೂ ಮೊದಲ
ಒಂದು ಸಂಶೇ ಬಂತು, ಅಂಬಲಿ ಆರಿ
ಕೆನಿ ಕಟ್ಟೂ ಮುಂದ ಸೌಟು ತಡದಂಗ.
ಅದು ತಳ ಅಲ್ಲ. ನೀರು ಅನ್ನಾಕೂ ಬರಂಗಿಲ್ಲ.
ಗುಂಡು ಇನ್ನೂ ಇಳೀತು, ಸಾವಕಾಶ,
ಕತ್ತಲ ಕೋಣ್ಯಾಗ ಮಲಗಿದವರನ್ನ ದಾಟಿ ಹೋಗೂವಂಗ.
ಚಿಂದಿ ಮುಳುಗಿತು. ಇನ್ನೆರಡು ಮೊಳ.
ಆಮ್ಯಾಲೆ ಟಕ್.
ಹಗ್ಗ ಸಡಲಾತು.

"ಎರಡೂ ಖರೇರಿ" ಅಂದೆ.
"ಮ್ಯಾಲಿಂದು ಈಗಿನದು.
ಕೆಳಗಿಂದು ನಾ ನೌಕರಿಗೆ ಬಂದಾಗಿನದು."
ಅವರು ಏನೋ ಬರಕೊಂಡ್ರು. ನಾ ಕೇಳಲಿಲ್ಲ.

ಆ ಮಬ್ಬಿನಾಗ ನನ್ನ ಸರ್ವೀಸ್ ಪೂರ್ತಿ ಐತಿ.
ಹೊಳಿ ಮನಿ ಹೊಕ್ಕ ವರ್ಷ ಒಂದ ಗೇಣು,
ಮಳಿ ಮುಖಾ ತೋರಿಸದ ವರ್ಷ ಕೂದಲೆಳಿ.
ಮೊದಲನೇ ಪಗಾರದಾಗ ತಗೊಂಡ ಹಿತ್ತಾಳಿ ಸುಣ್ಣದ ಡಬ್ಬಿ,
ಬಗ್ಗಿದಾಗ ಕಿಸೇದಿಂದ ಜಾರಿದ್ದು, ಎಲ್ಲೋ ಅಲ್ಲೇ.
ಗುಮಾಸ್ತ ಸತ್ತ ಹನ್ನೆರಡು ವರ್ಷಾತು.
ಅವನ ವಹಿ ಕಚೇರ್ಯಾಗ ಗೆದ್ದಲಿಗಿ,
ಅಂಕಿ ಮಾತ್ರ ಇಲ್ಲಿ ದಪ್ಪ ಆಗಾಕತ್ಯಾವ.

ಹೂಳು ತಗೀಬೇಕು ಅಂತ ಕಾಗದ ಅಡ್ಡಾಡತಾವ.
ತಗದು ಎಲ್ಲಿ ಒಗೀಬೇಕು? ಹೊಲಕ್ಕಂತ.
ಯಾರ ಹೊಲಕ್ಕ?
ಹಿಡಕಿ ಮಣ್ಣಿಗೆ ಸರ್ವೆ ನಂಬರ್ ಇರತೈತೇನು?

ಬಾಯಾರು ಮೇಣದ ಮಣ್ಣು ಚಾಕುವಿಲೆ ಕೆತ್ತಿ
ಪಿಳಿಪಿಳಿ ಚೀಲಕ್ಕ ಹಾಕಿ ಚೀಟಿ ಹಚ್ಚಿದ್ರು: ಸಾಲು ೯, ಗುರುತು ೪.
ನನ್ನ ಉಗುರಿನ ಸಂದ್ಯಾಗಿಂದು ಹಂಗ ಉಳೀತು.
ದಂಡಿಗೆ ಬಂದು, ಬುತ್ತಿ ಬಿಚ್ಚೂ ಮೊದಲ,
ಕುಕ್ಕರಗಾಲಿಲೆ ಕುಂತು ಕೈ ತೊಳಕೊಂಡೆ.
ಸ್ವಲ್ಪ ಕರೀದು, ಸ್ವಲ್ಪ ಕೆಂಪು,
ಅದೂ ಒಳಗ ಹೋತು.